ಗೆದ್ದಲು ಕಟ್ಟಿದ ಹುತ್ತ

ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆಯ ಪಾಠ ಹೇಳಿದವನು. ಮೆಣಸಿಗೆ ಬಂದ ಬೆಲೆಯಿಂದ ಯಾವ ಯಾವ ದೇಶದ ಹಡಗುಗಳು ನಮ್ಮ ಕರಾವಳಿಗೆ ಬಂದುವು, ಯಾರು ಉಳಿದರು, ಯಾರು ಅಳಿದರು ಎಂಬುದನ್ನು ಎಷ್ಟೋ ತಂಡ ಹುಡುಗರಿಗೆ ವಿವರಿಸಿದ್ದೇನೆ. ಆದರೆ ಒಂದು ವಸ್ತುವಿನ ಬೆಲೆ ನನ್ನ ಕಣ್ಣೆದುರಿಗೇ ಏರಿ, ನನ್ನ ಮನೆಯ ಹುಡುಗನನ್ನೇ ಅಂಗಡಿಯ ಮೆಟ್ಟಿಲಿನಿಂದ ಹಿಂದಕ್ಕೆ ಕಳುಹಿಸಿದ್ದನ್ನು ಕಂಡದ್ದು ನಿವೃತ್ತನಾದ ಮೇಲೆ. ಆ ವಸ್ತು ಮೆಣಸಲ್ಲ, ಚಿನ್ನವಲ್ಲ. ಕಂಪ್ಯೂಟರಿನೊಳಗೆ ಕೂರಿಸುವ, ಮೊಳಕ್ಕಿಂತ ಚಿಕ್ಕದಾದ ಒಂದು ಹಲಗೆ. ಗ್ರಾಫಿಕ್ಸ್ ಕಾರ್ಡು ಎಂದು ಅದರ ಹೆಸರು.

2021ರ ಮಾರ್ಚಿ ತಿಂಗಳು. ಮಗಳ ಮಗ ಆಗ ಮೊದಲನೆಯ ಪಿ.ಯು.ಸಿ.ಯಲ್ಲಿದ್ದ. ಎರಡು ವರ್ಷದಿಂದ ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಯಾರು ಏನು ಕೊಟ್ಟರೂ ಖರ್ಚು ಮಾಡದೆ ಇಪ್ಪತ್ತೆರಡು ಸಾವಿರ ಕೂಡಿಟ್ಟಿದ್ದ. ಅವನಿಗೆ ಬೇಕಾಗಿದ್ದ ಕಾರ್ಡಿಗೆ ಮೂವತ್ತು ಸಾವಿರದೊಳಗಿನ ಬೆಲೆಯನ್ನು ಕಂಪೆನಿಯವರೇ ಸಾರಿದ್ದರು. ಉಳಿದದ್ದನ್ನು ನಾನು ಹಾಕುತ್ತೇನೆಂದು ಮಾತು ಕೊಟ್ಟಿದ್ದೆ. ಇಬ್ಬರೂ ಬಸ್ಸು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆವು. ಕಂಪ್ಯೂಟರಿನ ಬಿಡಿಭಾಗ ಬೇಕಾದವರು ಹೋಗುವುದು ಅಲ್ಲಿಗೇ. ನಾಲ್ಕು ಅಂಗಡಿಗಳಲ್ಲಿ "ಇಲ್ಲ" ಎಂದರು. ಐದನೆಯವನು ಒಳಗಿನಿಂದ ಒಂದು ಪೆಟ್ಟಿಗೆಯನ್ನು ತಂದು ಮೇಜಿನ ಮೇಲಿಟ್ಟು, "ಅರವತ್ತು ಸಾವಿರ ಆಗುತ್ತೆ ಸಾರ್" ಎಂದ.

"ಮೂವತ್ತು ಸಾವಿರ ಅಂತ ಅಲ್ಲವೇನಪ್ಪ?" ಎಂದೆ.

"ಅದು ಪೇಪರಿನಲ್ಲಿ ಸಾರ್. ಈಗ ತಗೊಂಡರೆ ಇಷ್ಟು. ಸಾಯಂಕಾಲ ಬಂದರೆ ಇದೂ ಇರೋದಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನಾವು ನಿಂತಿದ್ದಂತೆಯೇ ಇನ್ನೊಬ್ಬರು ಬಂದು, ಚೌಕಾಸಿ ಮಾಡದೆ, ಅಂಥವೇ ಮೂರು ಪೆಟ್ಟಿಗೆಗಳನ್ನು ಕಟ್ಟಿಸಿಕೊಂಡು ಹೋದರು. ನಾವು ಬರಿಗೈಯಲ್ಲಿ ಮರಳಿದೆವು. ಬಸ್ಸಿನಲ್ಲಿ ಹುಡುಗ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಕೇಳಿದ: "ತಾತ, ಮೂವತ್ತರ ಸಾಮಾನಿಗೆ ಅರವತ್ತು ಅಂದರೆ, ಮಿಕ್ಕ ಮೂವತ್ತು ಯಾರಿಗೆ ಹೋಯಿತು?"

ಚರಿತ್ರೆಯ ಮೇಷ್ಟರಾದವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾರೂ ಹಾಕಲಾರರು. ಉತ್ತರ ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳಲು ನಾಲ್ಕು ವರ್ಷ ಹಿಡಿಯಿತು. ತಿಳಿದಷ್ಟನ್ನು ಇಲ್ಲಿ ಹೇಳುತ್ತೇನೆ.

ಮೊದಲು ಆ ಹಲಗೆ ಏನು ಮಾಡುತ್ತದೆ ಎಂಬುದನ್ನು ಹೇಳಬೇಕು. ಕಂಪ್ಯೂಟರಿನ ಪರದೆಯ ಮೇಲೆ ನಾವು ಕಾಣುವ ಚಿತ್ರವೆಲ್ಲ ಚುಕ್ಕಿಗಳಿಂದಾದದ್ದು. ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಹಾಕುವ ಚುಕ್ಕಿ ರಂಗೋಲಿಯಂತೆ ಎನ್ನಿ. ಸಾಮಾನ್ಯವಾದ ಪರದೆಯೊಂದರಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಚುಕ್ಕಿಗಳು. ಆಟದಲ್ಲಿ ಚಿತ್ರ ಚಲಿಸಬೇಕಾದ್ದರಿಂದ ಈ ರಂಗೋಲಿಯನ್ನು ಸೆಕೆಂಡಿಗೆ ಅರವತ್ತು ಸಲ ಅಳಿಸಿ ಬರೆಯಬೇಕು. ಎಂದರೆ ಒಂದು ಸೆಕೆಂಡಿನಲ್ಲಿ ಹನ್ನೆರಡು ಕೋಟಿಗೂ ಮೇಲ್ಪಟ್ಟು ಚುಕ್ಕಿಗಳಿಗೆ ಬಣ್ಣ ಯಾವುದೆಂದು ಲೆಕ್ಕ ಹಾಕಬೇಕು. ಕಂಪ್ಯೂಟರಿನ ಮುಖ್ಯ ಚಿಪ್ಪು ಒಬ್ಬ ದೊಡ್ಡ ಪಂಡಿತನಿದ್ದಂತೆ. ಎಂಥ ಕಠಿಣ ಲೆಕ್ಕವನ್ನಾದರೂ ಬಿಡಿಸುತ್ತಾನೆ, ಆದರೆ ಒಂದಾದ ಮೇಲೆ ಒಂದು. ಗ್ರಾಫಿಕ್ಸ್ ಚಿಪ್ಪಾದರೋ ಮಗ್ಗಿ ಬಲ್ಲ ಸಾವಿರಾರು ಹುಡುಗರನ್ನು ಒಂದೇ ಕೊಠಡಿಯಲ್ಲಿ ಕೂರಿಸಿದಂತೆ. ಯಾರೂ ಪಂಡಿತರಲ್ಲ, ಆದರೆ ಎಲ್ಲರೂ ಒಟ್ಟಿಗೆ, ಒಬ್ಬೊಬ್ಬರು ಒಂದೊಂದು ಚುಕ್ಕಿಯ ಲೆಕ್ಕವನ್ನು ಮುಗಿಸಿಬಿಡುತ್ತಾರೆ. ಈ ಕೊಠಡಿಯ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಆ ಹುಡುಗರನ್ನು ಯಾರು ಯಾವ ಕೆಲಸಕ್ಕೆ ಕರೆದುಕೊಂಡು ಹೋದರು ಎಂಬುದೇ.

ಇಂಥ ಯಂತ್ರಗಳು ಮೊದಲು ದೊಡ್ಡವರ ಮನೆಯಲ್ಲಿದ್ದುವು. ಅಮೆರಿಕದ ಸಿಲಿಕಾನ್ ಗ್ರಾಫಿಕ್ಸ್ ಎಂಬ ಕಂಪೆನಿ ಮಾಡುತ್ತಿದ್ದ ಯಂತ್ರಗಳ ಬೆಲೆ ಹತ್ತಾರು ಸಾವಿರ ಡಾಲರು. ವಿಮಾನದ ನಕ್ಷೆ ಬರೆಯುವವರು, ಸಿನಿಮಾ ತೆಗೆಯುವವರು ಅವನ್ನು ಕೊಳ್ಳುತ್ತಿದ್ದರು. 1993ರ 'ಜುರಾಸಿಕ್ ಪಾರ್ಕ್' ಚಿತ್ರದ ಪ್ರಾಣಿಗಳು ನಡೆದಾಡಿದ್ದು ಅವುಗಳ ಬಲದಿಂದ. ಆ ಕಂಪೆನಿಯಲ್ಲಿ ಹಿಂದೆ ಕೆಲಸ ಮಾಡಿದ್ದ ರಾಸ್ ಸ್ಮಿತ್, ಸ್ಕಾಟ್ ಸೆಲ್ಲರ್ಸ್, ಗ್ಯಾರಿ ಟರೋಲಿ ಎಂಬ ಮೂವರು 1994ರಲ್ಲಿ ತ್ರೀಡಿಎಫ್‌ಎಕ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಮನೆಮನೆಗೆ ಮಾರುವ ಯೋಚನೆ ಕೂಡಲೇ ಕೈಗೂಡುವಂತಿರಲಿಲ್ಲ. ಕಾರ್ಡಿಗೆ ಬೇಕಾದ ಮೆಮೊರಿ ಚಿಪ್ಪೇ ದುಬಾರಿ. ಆದರೆ 1996ರಲ್ಲಿ ಮೆಮೊರಿಯ ಬೆಲೆ ಪಾತಾಳಕ್ಕಿಳಿಯಿತು. ಆ ವರ್ಷದ ಕೊನೆಯಲ್ಲಿ ಅವರ 'ವೂಡೂ' ಚಿಪ್ಪಿನ ಕಾರ್ಡು 299 ಡಾಲರಿಗೆ ಅಂಗಡಿಗೆ ಬಂತು. ಅಂದು ಡಾಲರಿಗೆ ಸುಮಾರು 35 ರೂಪಾಯಿ. ತೆರಿಗೆ ಸಾಗಣೆ ಬಿಟ್ಟು ಹತ್ತೂವರೆ ಸಾವಿರ ರೂಪಾಯಿ. ಈ 299ನ್ನೂ ಮರೆಯದಿರಬೇಕು. ಮತ್ತೆ ಎರಡು ಸಲ ಎದುರಾಗುತ್ತದೆ.

ಹತ್ತಾರು ಸಾವಿರ ಡಾಲರಿನ ಕೆಲಸದಲ್ಲಿ ಒಂದು ಪಾಲನ್ನು ಮುನ್ನೂರು ಡಾಲರಿಗೆ ಮಾಡಿಸುವುದು ಸಾಧ್ಯವಾದದ್ದು ಹೇಗೆ? ಕೊಳ್ಳುವವರು ಲಕ್ಷಗಟ್ಟಲೆ ಇದ್ದುದರಿಂದ. ಆ ಲಕ್ಷ ಜನ ಯಾರು? ವಿಜ್ಞಾನಿಗಳಲ್ಲ, ಸೈನ್ಯವಲ್ಲ, 'ಕ್ವೇಕ್'ನಂಥ ಆಟಗಳನ್ನು ಆಡಬೇಕೆಂದು ಬಯಸಿದ ಹುಡುಗರು. ಶಾಲೆಯ ರಜೆಯಲ್ಲಿ ಹುಲ್ಲು ಕತ್ತರಿಸಿ, ಪೇಪರು ಹಂಚಿ ಸಂಪಾದಿಸಿದ ಹಣವೂ ಅದರಲ್ಲಿತ್ತು. ತಂದೆಯನ್ನು ಕಾಡಿ ಪಡೆದದ್ದೂ ಇತ್ತು. ಆ ಚಿಲ್ಲರೆ ಕಾಸು ಕೂಡಿ ಕೂಡಿ ಒಂದು ಹೊಸ ಉದ್ಯಮವೇ ನಿಂತಿತು.

ಆ ಕಾಲಕ್ಕೆ ಈ ಚಿಪ್ಪು ಮಾಡುವವರು ಹಲವರಿದ್ದರು: ಎಸ್‌ತ್ರೀ, ಮ್ಯಾಟ್ರಾಕ್ಸ್, ರೆಂಡಿಶನ್, ಕೆನಡಾದ ಎ.ಟಿ.ಐ. 1993ರಲ್ಲಿ ಜೆನ್ಸನ್ ಹ್ವಾಂಗ್, ಕ್ರಿಸ್ ಮಲಚೋವ್‌ಸ್ಕಿ, ಕರ್ಟಿಸ್ ಪ್ರೀಮ್ ಎಂಬ ಮೂವರು ಸ್ಯಾನ್ ಹೋಸೆ ಊರಿನ ಡೆನ್ನೀಸ್ ಎಂಬ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಯೋಚಿಸಿ ಹುಟ್ಟುಹಾಕಿದ ಎನ್ವಿಡಿಯಾ ಅವರಲ್ಲಿ ಒಂದು. ಅದರ 1995ರ ಮೊದಲನೆಯ ಚಿಪ್ಪು ನೆಲಕಚ್ಚಿತು. ಜಪಾನಿನ ಆಟದ ಕಂಪೆನಿ ಸೆಗಾ ಒಪ್ಪಂದದ ಹಣವನ್ನು ಕೊಟ್ಟು ಕೈಹಿಡಿಯದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೆಂದು ಹ್ವಾಂಗ್ ಅವರೇ ಹೇಳಿಕೊಂಡಿದ್ದಾರೆ. 1997ರ 'ರೈವಾ 128' ಅದನ್ನು ಬದುಕಿಸಿತು. 1999ರ 'ಜೀಫೋರ್ಸ್ 256' ಮುಂದಕ್ಕೆ ತಂದಿತು. 2000ದ ಡಿಸೆಂಬರಿನಲ್ಲಿ ತ್ರೀಡಿಎಫ್‌ಎಕ್ಸ್ ತನ್ನ ಆಸ್ತಿಯನ್ನು ಎನ್ವಿಡಿಯಾಕ್ಕೇ ಮಾರಲು ಒಪ್ಪಿತು. 2006ರಲ್ಲಿ ಎ.ಟಿ.ಐ.ಯನ್ನು ಎ.ಎಂ.ಡಿ. ಕಂಪೆನಿ 540 ಕೋಟಿ ಡಾಲರು ಕೊಟ್ಟು ಕೊಂಡಿತು. ಹೀಗೆ ಹತ್ತು ವರ್ಷದಲ್ಲಿ ಹಲವರಿದ್ದ ಸಂತೆಯಲ್ಲಿ ಆಟಗಾರನಿಗೆ ಕಾರ್ಡು ಮಾರುವವರು ಇಬ್ಬರೇ ಉಳಿದರು.

ಇಬ್ಬರಾದರೂ ಜಗಳವಾಡುತ್ತಿದ್ದರೆ ಕೊಳ್ಳುವವನಿಗೆ ಸುಖವುಂಟು. 2008ರ ಜೂನಿನಲ್ಲಿ ಎನ್ವಿಡಿಯಾ ತನ್ನ 'ಜಿಟಿಎಕ್ಸ್ 280' ಕಾರ್ಡನ್ನು 649 ಡಾಲರಿಗೆ ಹೊರತಂದಿತು. ಕೆಲವೇ ದಿನಗಳಲ್ಲಿ ಎ.ಎಂ.ಡಿ. ಅದಕ್ಕೆ ಸಮೀಪವಾಗಿ ನಿಲ್ಲಬಲ್ಲ 'ರೇಡಿಯಾನ್ ಎಚ್‌ಡಿ 4870' ಕಾರ್ಡನ್ನು 299 ಡಾಲರಿಗೆ ಮಾರಿತು. ನಮ್ಮ ಹಳೆಯ 299! ತಿಂಗಳು ಕಳೆಯುವುದರೊಳಗೆ ಎನ್ವಿಡಿಯಾ ತನ್ನ ಬೆಲೆಯನ್ನು 499ಕ್ಕೆ ಇಳಿಸಿತು. 150 ಡಾಲರು ಒಂದೇ ಏಟಿಗೆ! ಚಿಪ್ಪು ಅದೇ, ಕಾರ್ಖಾನೆ ಅದೇ, ಕೂಲಿ ಅದೇ. ಬೆಲೆಯೆಂಬುದು ವಸ್ತುವಿನೊಳಗೆ ಇರುವುದಿಲ್ಲ, ಪಕ್ಕದ ಅಂಗಡಿಯಲ್ಲಿರುತ್ತದೆ ಎಂಬುದನ್ನು ಹುಡುಗರಿಗೆ ತಿಳಿಸಬೇಕಾದರೆ ಈ ಉದಾಹರಣೆ ಸಾಕು.

ಆದರೆ ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 2006ರ ನವೆಂಬರಿನಲ್ಲಿ ಎನ್ವಿಡಿಯಾ ಹೊಸ ಬಗೆಯ ಚಿಪ್ಪೊಂದನ್ನು ತಂದು, ಮರುವರ್ಷ 'ಕೂಡಾ' ಎಂಬ ತಂತ್ರಾಂಶವನ್ನು ಎಲ್ಲರ ಕೈಗೂ ಕೊಟ್ಟಿತು. ಇದರ ಅರ್ಥವೇನೆಂದರೆ, ಕೊಠಡಿಯಲ್ಲಿದ್ದ ಆ ಸಾವಿರಾರು ಹುಡುಗರಿಗೆ ಇನ್ನು ಮೇಲೆ ಚುಕ್ಕಿಗೆ ಬಣ್ಣ ಹಾಕುವ ಕೆಲಸವನ್ನೇ ಹೇಳಬೇಕೆಂದಿಲ್ಲ. ಯಾವ ಲೆಕ್ಕವನ್ನು ಬೇಕಾದರೂ ಕೊಡಬಹುದು. ಈ ಸೌಕರ್ಯವನ್ನು ದೊಡ್ಡವರ ಯಂತ್ರಕ್ಕೆ ಮಾತ್ರ ಮೀಸಲಿಡದೆ ಆಟದ ಕಾರ್ಡುಗಳಲ್ಲೂ ಇಟ್ಟರು. ಆಟಕ್ಕೆಂದು ಕಾರ್ಡು ಕೊಂಡ ವಿದ್ಯಾರ್ಥಿಯ ಮೇಜಿನ ಕೆಳಗೆ ತಾನಾಗಿಯೇ ಒಂದು ಪ್ರಯೋಗಶಾಲೆ ಬಂದು ಕುಳಿತಂತಾಯಿತು.

ಇದರ ಫಲ 2012ರಲ್ಲಿ ಕಂಡಿತು. ಟೊರಾಂಟೊ ವಿಶ್ವವಿದ್ಯಾನಿಲಯದ ಅಲೆಕ್ಸ್ ಕ್ರಿಜೆವ್‌ಸ್ಕಿ ಎಂಬ ವಿದ್ಯಾರ್ಥಿ, ಜತೆಗಾರ ಇಲ್ಯಾ ಸುಟ್ಸ್‌ಕೆವರ್, ಗುರು ಜೆಫ್ರಿ ಹಿಂಟನ್ ಇವರೊಡನೆ ಸೇರಿ, ಚಿತ್ರದಲ್ಲಿರುವುದು ಏನೆಂದು ಗುರುತಿಸಲು ಯಂತ್ರಕ್ಕೆ ಕಲಿಸಹೊರಟ. ಸುಮಾರು 12 ಲಕ್ಷ ಚಿತ್ರಗಳು, ಸಾವಿರ ಬಗೆಯ ವಸ್ತುಗಳು. ಬಳಸಿದ್ದು ಆಟಗಾರರಿಗೆ ಮಾರುತ್ತಿದ್ದ 'ಜಿಟಿಎಕ್ಸ್ 580' ಕಾರ್ಡು ಎರಡು. ಆ ಕಾರ್ಡು 2010ರಲ್ಲಿ ಮೊದಲು ಬಂದಾಗ ಬೆಲೆ 499 ಡಾಲರು. ತಂದೆತಾಯಿಯರ ಮನೆಯಲ್ಲಿ, ತನ್ನ ಮಲಗುವ ಕೋಣೆಯಲ್ಲಿ ಅವನ್ನಿಟ್ಟುಕೊಂಡು ಕೆಲಸ ನಡೆಸಿದ. ಐದಾರು ದಿನ ಹಗಲಿರುಳು ಕಾರ್ಡು ಓಡಿದರೆ ಒಂದು ಪಾಠ ಮುಗಿಯುತ್ತಿತ್ತು. ಆ ವರ್ಷದ ಸ್ಪರ್ಧೆಯಲ್ಲಿ ಎರಡನೆಯವರ ತಪ್ಪು ನೂರಕ್ಕೆ 26.2, ಇವರದು 15.3. ಇಂದು ಕೃತಕ ಬುದ್ಧಿಮತ್ತೆ ಎಂದು ಊರೆಲ್ಲ ಮಾತಾಡುವ ವಿದ್ಯೆಯ ಈಚಿನ ಚರಿತ್ರೆಯನ್ನು ಹಲವರು ಇಲ್ಲಿಂದಲೇ ಎಣಿಸುತ್ತಾರೆ. ಹಿಂಟನ್ ಅವರಿಗೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವೂ ಬಂತು. ಆಟಗಾರರ ಕಾಸಿನಿಂದ ಅಗ್ಗವಾದ ಕಾರ್ಡು ಇಲ್ಲದಿದ್ದರೆ ಇದು ಅಂದು, ಆ ಕೋಣೆಯಲ್ಲಿ, ಆಗುತ್ತಿರಲಿಲ್ಲ.

ಆದರೆ ವಿದ್ಯಾರ್ಥಿಗಳಿಗಿಂತ ಮೊದಲೇ ಮತ್ತೊಂದು ಗುಂಪು ಈ ಬಾಗಿಲನ್ನು ಕಂಡುಕೊಂಡಿತ್ತು. 2009ರಲ್ಲಿ ಬಿಟ್‌ಕಾಯಿನ್ ಎಂಬ ಹೊಸ ಬಗೆಯ ನಾಣ್ಯ ಹುಟ್ಟಿತು. ಅದರ ಲೆಕ್ಕದ ಪುಸ್ತಕವನ್ನು ಕಾಯಲು ಒಗಟಿನಂಥ ಗಣಿತವನ್ನು ಬಿಡಿಸಬೇಕು. ಮೊದಲು ಬಿಡಿಸಿದವನಿಗೆ ಹೊಸ ನಾಣ್ಯ ಸಿಕ್ಕುತ್ತದೆ. ಇದಕ್ಕೆ ಗಣಿಗಾರಿಕೆ ಎಂದು ಹೆಸರಿಟ್ಟರು. ಬಿಟ್‌ಕಾಯಿನ್ನಿಗೆ ಬೇಗನೆ ಬೇರೆ ಯಂತ್ರಗಳೇ ಬಂದುವು. 2015ರ ಜುಲೈನಲ್ಲಿ ಆರಂಭವಾದ ಇಥೀರಿಯಮ್ ಮಾತ್ರ ಗ್ರಾಫಿಕ್ಸ್ ಕಾರ್ಡನ್ನೇ ನೆಚ್ಚಿಕೊಂಡಿತು. ಅದರ ನಾಣ್ಯಕ್ಕೆ 2017ರ ಮೊದಲಲ್ಲಿ ಹತ್ತು ಡಾಲರೂ ಇರಲಿಲ್ಲ. 2018ರ ಜನವರಿಯಲ್ಲಿ ಅದು 1,300ನ್ನು ದಾಟಿತು. ಜನ ಉಗ್ರಾಣಗಳಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಸಾಲುಸಾಲಾಗಿ ಕಾರ್ಡುಗಳನ್ನು ಕಟ್ಟಿ, ಹಗಲೂ ರಾತ್ರಿಯೂ ಓಡಿಸತೊಡಗಿದರು. ಅಂಗಡಿಗಳು ಬರಿದಾದುವು. ಅದೇ ವರ್ಷದ ಕೊನೆಗೆ ನಾಣ್ಯ 150 ಡಾಲರಿಗಿಂತ ಕೆಳಕ್ಕೆ ಬಿತ್ತು. ಕಾರ್ಡುಗಳು ಮತ್ತೆ ಸಿಕ್ಕಿದುವು. ಒಂದು ಸ್ವಾರಸ್ಯವನ್ನು ಹೇಳಬೇಕು: ಆ ಕಾಲದಲ್ಲಿ ಆಟದ ಕಾರ್ಡುಗಳ ಮಾರಾಟ ಏರಲು ಗಣಿಗಾರಿಕೆ ಎಷ್ಟು ಕಾರಣವೆಂಬುದನ್ನು ಷೇರುದಾರರಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಅಮೆರಿಕದ ಷೇರುಪೇಟೆಯ ನಿಯಂತ್ರಕರು 2022ರ ಮೇ ತಿಂಗಳಲ್ಲಿ ಎನ್ವಿಡಿಯಾಕ್ಕೆ 55 ಲಕ್ಷ ಡಾಲರು ದಂಡ ಹಾಕಿದರು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ಕಂಪೆನಿ ದಂಡ ಕಟ್ಟಿತು. ಲೆಕ್ಕದ ಪುಸ್ತಕದಲ್ಲಿ ಎಲ್ಲ ಕಾರ್ಡುಗಳೂ 'ಆಟ' ಎಂಬ ಕಾಲಮ್ಮಿನಲ್ಲೇ ಇದ್ದುವು!

2020ರಲ್ಲಿ ಮೂರು ನದಿಗಳು ಒಂದೇ ಕಡೆ ಉಕ್ಕಿದುವು. ಸಾಂಕ್ರಾಮಿಕದ ಕಾಲ, ಜನರೆಲ್ಲ ಮನೆಯೊಳಗೆ, ಎಲ್ಲರಿಗೂ ಕಂಪ್ಯೂಟರು ಬೇಕು. ಚಿಪ್ಪುಗಳಿಗೆ ಜಗತ್ತಿನಾದ್ಯಂತ ಅಭಾವ. ಅದರ ಮೇಲೆ ಇಥೀರಿಯಮ್ ನಾಣ್ಯ ಮತ್ತೆ ಏರಿ 2021ರ ನವೆಂಬರಿನಲ್ಲಿ 4,800 ಡಾಲರನ್ನು ಮುಟ್ಟಿತು. 2020ರ ಸೆಪ್ಟೆಂಬರಿನಲ್ಲಿ 699 ಡಾಲರಿಗೆ ಬಂದ 'ಆರ್‌ಟಿಎಕ್ಸ್ 3080' ನಿಮಿಷಗಳಲ್ಲಿ ಖಾಲಿಯಾಯಿತು. ಮುಂಗಡವಾಗಿ ಬಾಚಿಕೊಂಡವರು ಎರಡರಷ್ಟಕ್ಕೆ ಮಾರಿದರು. ಕಾರ್ಡು ದಿನಕ್ಕಿಷ್ಟು ಎಂದು ಸಂಪಾದಿಸಿ ಕೊಡುವುದಾದರೆ ಅದು ಸಾಮಾನಲ್ಲ, ಕರೆಯುವ ಹಸು. ಹಸುವಿನ ಬೆಲೆಯನ್ನು ಹಾಲಿನ ಲೆಕ್ಕದಿಂದ ಕಟ್ಟುತ್ತಾರೆ. ಅದನ್ನು ಮುದ್ದಿಗೆ ಸಾಕಬೇಕೆನ್ನುವವನು ಆ ಸಂತೆಯಲ್ಲಿ ನಿಲ್ಲಲಾರ. ಎಸ್.ಪಿ. ರಸ್ತೆಯಲ್ಲಿ ನಮ್ಮ ಪಕ್ಕದಲ್ಲಿ ನಿಂತು ಮೂರು ಪೆಟ್ಟಿಗೆ ಕಟ್ಟಿಸಿಕೊಂಡವರ ಕಸಬು ನನಗೆ ತಿಳಿಯದು. ಆದರೆ ಆಟಕ್ಕೆ ಮೂರು ಬೇಕಾಗುವುದಿಲ್ಲವೆಂದು ಮೊಮ್ಮಗ ಹೇಳಿದ.

ಹುಡುಗನ ಪ್ರಶ್ನೆಗೆ ಇದು ಮೊದಲನೆಯ ಉತ್ತರ: ಮಿಕ್ಕ ಮೂವತ್ತು ಸಾವಿರ ನಡುವಿನವರಿಗೆ ಹೋಯಿತು, ಅಷ್ಟನ್ನು ಕೊಡಲು ಸಿದ್ಧರಾದವರು ಗಣಿಯವರು.

ಈ ಉತ್ತರದಿಂದಲೇ ಕಥೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. 2022ರ ಸೆಪ್ಟೆಂಬರ್ 15ರಂದು ಇಥೀರಿಯಮ್ ತನ್ನ ಪದ್ಧತಿಯನ್ನೇ ಬದಲಿಸಿ ಗಣಿಗಾರಿಕೆಯನ್ನು ನಿಲ್ಲಿಸಿಬಿಟ್ಟಿತು. ಅಭಾವವೂ ಕಳೆಯಿತು. ಇನ್ನು ಬೆಲೆ ಇಳಿಯುವುದೆಂದು ಹುಡುಗರೆಲ್ಲ ಕಾದಿದ್ದರು. ಮುಂದಿನ ತಿಂಗಳುಗಳಲ್ಲಿ ಬಂದ ಹೊಸ ಕಾರ್ಡುಗಳ ಬೆಲೆ ನೋಡಿ: 3080ರ ಸ್ಥಾನದಲ್ಲಿ ಬಂದ 4080ಕ್ಕೆ 1,199 ಡಾಲರು, ಎಲ್ಲಕ್ಕೂ ಮೇಲಿನ 4090ಕ್ಕೆ 1,599. ಈ ಸಲ ಏರಿಸಿದವರು ನಡುವಿನವರಲ್ಲ, ಕಂಪೆನಿಯೇ. ಚಿಪ್ಪಿನ ಬೆಲೆ ಇಳಿಯುತ್ತ ಹೋಗುವುದೆಂಬುದು ಹಿಂದಿನ ಕಾಲದ ಕಥೆ ಎಂಬ ಅರ್ಥದ ಮಾತನ್ನು ಹ್ವಾಂಗ್ ಅವರು ಆಗ ಆಡಿದರು. ಅದರಲ್ಲಿ ಸತ್ಯವಿಲ್ಲದೆ ಇಲ್ಲ. ಇಂದು ಎನ್ವಿಡಿಯಾ ಆಗಲಿ ಎ.ಎಂ.ಡಿ. ಆಗಲಿ ಚಿಪ್ಪಿನ ನಕ್ಷೆ ಬರೆಯುವವರು. ಅಚ್ಚು ಹಾಕಿಕೊಡುವವರು ಬಹುಮಟ್ಟಿಗೆ 1987ರಲ್ಲಿ ತೈವಾನಿನಲ್ಲಿ ಸ್ಥಾಪಿತವಾದ ಟಿ.ಎಸ್.ಎಂ.ಸಿ. ಗೆರೆ ಸಣ್ಣದಾದಷ್ಟೂ ಅಚ್ಚಿನ ಖರ್ಚು ಏರುತ್ತದೆ. ಅದೇ ಅಚ್ಚಿನ ಮನೆಯಲ್ಲಿ ಫೋನಿನವರೂ ಸಾಲು ನಿಂತಿದ್ದಾರೆ.

ಆದರೂ ಅದೊಂದೇ ಕಾರಣವಲ್ಲ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂದಿತು. ಅಂದಿನಿಂದ ಜಗತ್ತಿನ ದೊಡ್ಡ ಕಂಪೆನಿಗಳು ಮಗ್ಗಿ ಬಲ್ಲ ಆ ಹುಡುಗರ ಕೊಠಡಿಗಳನ್ನು ಸಗಟಾಗಿ ಕೊಳ್ಳಲು ಮುಗಿಬಿದ್ದುವು. ಈ ಒಂದು ಲೆಕ್ಕವನ್ನು ವಾಚಕರು ಗಮನಿಸಬೇಕು. 2016ರ ಜನವರಿಗೆ ಮುಗಿದ ವರ್ಷದಲ್ಲಿ ಎನ್ವಿಡಿಯಾದ ಒಟ್ಟು ಮಾರಾಟ ಸುಮಾರು 500 ಕೋಟಿ ಡಾಲರು. ಅದರಲ್ಲಿ ಆಟದ ಪಾಲು 280 ಕೋಟಿ, ಎಂದರೆ ಅರ್ಧಕ್ಕಿಂತ ಹೆಚ್ಚು. ದತ್ತಾಂಶ ಕೇಂದ್ರಗಳ ಪಾಲು 34 ಕೋಟಿ ಮಾತ್ರ. 2025ರ ಜನವರಿಗೆ ಮುಗಿದ ವರ್ಷದಲ್ಲಿ ಒಟ್ಟು 13,050 ಕೋಟಿ. ದತ್ತಾಂಶ ಕೇಂದ್ರಗಳದು 11,520 ಕೋಟಿ. ಆಟದ್ದು 1,135 ಕೋಟಿ. ಆಟದ ವ್ಯಾಪಾರವೇನೂ ಬತ್ತಲಿಲ್ಲ. ನಾಲ್ಕು ಪಟ್ಟು ಬೆಳೆಯಿತು. ಆದರೆ ಮನೆಯ ಯಜಮಾನನಾಗಿದ್ದವನು ನೂರರಲ್ಲಿ ಒಂಬತ್ತರ ಪಾಲುದಾರನಾದ. ಅವನಿಗೆ ಒಂದು ಕಾರ್ಡು ಮಾರುವ ಬದಲು ಅದೇ ಅಚ್ಚಿನ ಸರದಿಯಲ್ಲಿ ಇನ್ನೊಬ್ಬರಿಗೆ ಹತ್ತಾರು ಪಟ್ಟು ಬೆಲೆಯ ಚಿಪ್ಪನ್ನು ಮಾಡಿಕೊಡಬಹುದಾದರೆ, ಬೆಲೆ ಇಳಿಸಿ ಅವನನ್ನು ಓಲೈಸುವ ಅವಸರ ಯಾರಿಗೆ?

ಇದು ಎರಡನೆಯ ಉತ್ತರ. ಗೆದ್ದಲು ಹುತ್ತ ಕಟ್ಟಿದರೆ ಹಾವು ಬಂದು ಸೇರಿಕೊಂಡಿತು ಎಂಬ ಮಾತು ನಮ್ಮಲ್ಲಿ ಹಳೆಯದು. ಒಂದೊಂದು ಕಣ ಮಣ್ಣು ಹೊತ್ತು ತಂದವರು ಆಟದ ಹುಡುಗರು. ಈಗ ಒಳಗಿರುವವರು ಬೇರೆ.

ಚರಿತ್ರೆ ಹೇಳುವವನು ಒಂದೇ ಪಕ್ಕಕ್ಕೆ ವಾಲಬಾರದು. ಎದುರು ಮಾತನ್ನೂ ಹೇಳಬೇಕು. 2025ರ ಮೇ ತಿಂಗಳಲ್ಲಿ ಬಂದ 'ಆರ್‌ಟಿಎಕ್ಸ್ 5060' ಕಾರ್ಡಿನ ಬೆಲೆ ಎಷ್ಟು ಗೊತ್ತೇ? 299 ಡಾಲರು! 1996ರ 299 ಡಾಲರೆಂದರೆ 2025ರ ಲೆಕ್ಕದಲ್ಲಿ ಸುಮಾರು 600. ಹಾಗೆ ನೋಡಿದರೆ ಕಾರ್ಡು ಅರ್ಧ ಬೆಲೆಗೆ ಇಳಿದಿದೆ. ಶಕ್ತಿಯಾದರೋ ಎಷ್ಟೋ ಸಾವಿರ ಪಟ್ಟು ಏರಿದೆ. ಇದು ನಿಜ. ಆದರೆ ಎರಡು ಮಾತುಂಟು. 1996ರಲ್ಲಿ 299 ಡಾಲರಿಗೆ ಅಂದಿನ ಶಿಖರವೇ ಸಿಕ್ಕುತ್ತಿತ್ತು. 2008ರಲ್ಲಿ ಶಿಖರದ ಹತ್ತಿರ ಹೋಗಬಹುದಿತ್ತು. 2025ರಲ್ಲಿ ಅದು ಬೆಟ್ಟದ ಬುಡದ ಮೆಟ್ಟಿಲು. ಆ ವರ್ಷದ ಶಿಖರವಾದ 5090ರ ಬೆಲೆ 1,999 ಡಾಲರು. ನಮ್ಮ ದೇಶಕ್ಕೆ ಸಾರಿದ ಬೆಲೆ 2,14,000 ರೂಪಾಯಿ. ಎರಡನೆಯದು ನಮ್ಮ ರೂಪಾಯಿಯ ಮಾತು. ಡಾಲರಿನಲ್ಲಿ ನಿಂತಲ್ಲೇ ನಿಂತ ಆ 299, ನಮಗೆ 1996ರಲ್ಲಿ ಹತ್ತೂವರೆ ಸಾವಿರ, 2008ರಲ್ಲಿ ಹದಿಮೂರು ಸಾವಿರದ ಹತ್ತಿರ, 2025ರಲ್ಲಿ ಇಪ್ಪತ್ತೈದು ಸಾವಿರಕ್ಕೂ ಮೇಲೆ. ನೂರಕ್ಕೆ 18ರ ಜಿ.ಎಸ್.ಟಿ. ಸೇರಿದರೆ ಮೂವತ್ತು ಸಾವಿರ. ಅಲ್ಲಿಯ ಹುಡುಗನಿಗೆ ನಿಂತ ಬೆಲೆ ಇಲ್ಲಿಯ ಹುಡುಗನಿಗೆ ಓಡುತ್ತಲೇ ಇರುತ್ತದೆ.

ಇನ್ನೊಂದು ಘಟನೆಯನ್ನು ಹೇಳಿ ಚರಿತ್ರೆಯನ್ನು ಮುಗಿಸುತ್ತೇನೆ. ಮೆಮೊರಿಯ ಬೆಲೆ ಬಿದ್ದದ್ದರಿಂದ 1996ರಲ್ಲಿ ಈ ಕಾರ್ಡು ಮನೆಗೆ ಬಂತೆಂದು ಹೇಳಿದೆನಷ್ಟೆ. 2025ರ ಕೊನೆಯ ತಿಂಗಳುಗಳಲ್ಲಿ ಅದೇ ಮೆಮೊರಿಯ ಬೆಲೆ ಗಗನಕ್ಕೇರಿತು. ಕೃತಕ ಬುದ್ಧಿಮತ್ತೆಯ ಕೇಂದ್ರಗಳು ಇದ್ದದ್ದನ್ನೆಲ್ಲ ಬಾಚಿಕೊಂಡುವು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿ 'ಕ್ರೂಷಿಯಲ್' ಎಂಬ ಹೆಸರಿನಲ್ಲಿ ಮನೆಬಳಕೆಯವರಿಗೆ ನಡೆಸುತ್ತಿದ್ದ ಮೆಮೊರಿಯ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು. ಯಾವ ಬಾಗಿಲಿನಿಂದ ಈ ಯಂತ್ರ ಹುಡುಗರ ಮನೆಯೊಳಗೆ ಬಂತೋ ಆ ಬಾಗಿಲೇ ಕಿರಿದಾಗುತ್ತಿದೆ.

ಆಡುವ ಸಾಮಾನಿನ ಬೆಲೆ ಏರಿದರೆ ಏನು ಮುಳುಗಿಹೋಯಿತು, ಹುಡುಗರು ಓದಿಕೊಳ್ಳಲಿ, ಎನ್ನುವ ಹಿರಿಯರುಂಟು. 2021ರಲ್ಲಿ ನಾನೂ ಒಳಗೊಳಗೆ ಹಾಗೆಂದುಕೊಂಡೆನೆಂದು ಒಪ್ಪುತ್ತೇನೆ. ಈಗ ಹಾಗೆನ್ನಲಾರೆ.

ಮೊಮ್ಮಗ 2022ರ ದೀಪಾವಳಿಯ ಹೊತ್ತಿಗೆ, ಗಣಿಯಿಂದ ಬಿಡುಗಡೆಯಾಗಿ ಬಂದ ಹಳೆಯ ಕಾರ್ಡೊಂದನ್ನು ಹದಿನೆಂಟು ಸಾವಿರಕ್ಕೆ ಕೊಂಡ. ಅದರ ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ. ಮೊದಲೊಂದು ವರ್ಷ ಆಟವೇ ಆಟ. ಅವನ ತಾಯಿ ಗದರುವುದೂ ನಡೆದಿತ್ತು. ಎಂಜಿನಿಯರಿಂಗಿನ ಎರಡನೆಯ ವರ್ಷದಲ್ಲಿ ಒಂದು ದಿನ ಬಂದು, "ತಾತ, ನಿಮ್ಮ ಹಳೇ ನೋಟ್ಸ್ ಪುಸ್ತಕ ಎಲ್ಲಾ ಕೊಡಿ" ಎಂದ. ನನ್ನ ಮೂವತ್ತನಾಲ್ಕು ವರ್ಷದ ಪಾಠದ ಟಿಪ್ಪಣಿಗಳು ಅಟ್ಟದ ಮೇಲಿದ್ದುವು. ಅವುಗಳ ಚಿತ್ರ ತೆಗೆದು, ಒಂದೊಂದು ಅಕ್ಷರವನ್ನೂ ಬೇರ್ಪಡಿಸಿ, ನನ್ನ ಕೈಬರಹವನ್ನು ಓದಲು ಆ ಕಾರ್ಡಿಗೆ ಕಲಿಸತೊಡಗಿದ. ರಾತ್ರಿಯೆಲ್ಲ ಗಿರಣಿ ಓಡುತ್ತಿತ್ತು. ನನ್ನ ಒತ್ತಕ್ಷರಗಳಲ್ಲಿ ಅದು ಇನ್ನೂ ಎಡವುತ್ತದೆ. 'ಶ್ರೀರಂಗಪಟ್ಟಣ'ವನ್ನು ಒಮ್ಮೆಯೂ ನೆಟ್ಟಗೆ ಓದಿಲ್ಲ. ಆದರೆ ನನ್ನ ಹೆಂಡತಿಗೇ ಓದಲಾಗದಿದ್ದ ಬರಹವನ್ನು ಅರ್ಧಕ್ಕೂ ಮಿಕ್ಕು ಓದಿತು. "ಕಾರ್ಡಿನಲ್ಲಿ ಮೆಮೊರಿ ಸಾಲದು ತಾತ, ದೊಡ್ಡದಿದ್ದರೆ ಪೂರ್ತಿ ಕಲಿಸಬಹುದಿತ್ತು" ಎನ್ನುತ್ತಾನೆ. ಆ ದೊಡ್ಡದು ನನ್ನ ಐದು ತಿಂಗಳ ಪಿಂಚಣಿ.

ಟೊರಾಂಟೊದ ಹುಡುಗನ ಕೋಣೆಯಲ್ಲಿ ನಡೆದದ್ದೂ ನಮ್ಮ ಹುಡುಗನ ಕೋಣೆಯಲ್ಲಿ ನಡೆಯುತ್ತಿರುವುದೂ ಸಮವೆಂದು ನಾನು ಹೇಳುತ್ತಿಲ್ಲ. ಆದರೆ ಎರಡಕ್ಕೂ ಬೇಕಾದದ್ದು ಒಂದೇ: ಯಾರ ಅಪ್ಪಣೆಯನ್ನೂ ಕೇಳದೆ, ಯಾರಿಗೂ ಬಾಡಿಗೆ ಕಟ್ಟದೆ, ಮನೆಯ ಮೂಲೆಯಲ್ಲಿ ತನ್ನದೇ ಆದ ಒಂದು ಯಂತ್ರ. ಆಡಲೆಂದು ತಂದದ್ದರಿಂದ ಕಲಿತರು. ಕಲಿತದ್ದರಿಂದ ಜಗತ್ತಿಗೆ ಒಂದು ವಿದ್ಯೆ ಸಿಕ್ಕಿತು. ಯಂತ್ರವನ್ನು ದೂರದ ಕೇಂದ್ರಗಳಲ್ಲಿಟ್ಟು ಗಂಟೆಗಿಷ್ಟು ಎಂದು ಬಾಡಿಗೆಗೆ ಕೊಡುವ ಕಾಲ ಬಂದಿದೆ. ಕೆಲಸ ಗೊತ್ತಿದ್ದವನಿಗೆ ಅದು ಸಾಕು. ಏನು ಮಾಡಬೇಕೆಂದು ಇನ್ನೂ ಗೊತ್ತಿಲ್ಲದ, ಸುಮ್ಮನೆ ಕೆದಕಿ ನೋಡುವ ಹದಿನೇಳರ ಹುಡುಗನಿಗೆ ಗಂಟೆಯ ಲೆಕ್ಕ ಸರಿಹೋಗದು.

ನಾಗರ ಪಂಚಮಿಯ ದಿನ ನಮ್ಮ ಮನೆಯವರು ಹುತ್ತಕ್ಕೆ ಹಾಲೆರೆದು ಬರುತ್ತಾರೆ. ಒಳಗಿರುವ ದೇವರಿಗೆ ಕೈಮುಗಿಯುವುದು ನಮ್ಮ ಸಂಪ್ರದಾಯ; ನಾನೂ ಮುಗಿಯುತ್ತೇನೆ. ಈ ಹೊಸ ವಿದ್ಯೆಗೂ ಕೈಮುಗಿಯಬೇಕಾದೀತು. ವೈದ್ಯರಿಗೆ, ರೈತರಿಗೆ, ನನ್ನಂಥವನ ಕೆಟ್ಟ ಅಕ್ಷರಕ್ಕೆ ಅದರಿಂದ ಉಪಕಾರವುಂಟು. ಆದರೆ ಹಿಂದಿರುಗುವಾಗ ಒಮ್ಮೆ ಬಗ್ಗಿ ಹುತ್ತದ ಗೋಡೆಯನ್ನು ನೋಡಿದೆ. ಕಣಕಣವೂ ಯಾರೋ ಹೊತ್ತು ತಂದದ್ದು. ಹೊತ್ತವರಿಗೆ ಅದರಲ್ಲಿ ಒಂದು ಮೂಲೆಯಾದರೂ ಉಳಿಯಬೇಕಲ್ಲವೆ ಎನಿಸಿತು.

ಮೊನ್ನೆ ರಾತ್ರಿಯೂ ಗಿರಣಿ ಓಡುತ್ತಿತ್ತು. ಕಲಿಕೆಯೋ ಆಟವೋ ಎಂದು ನಾನು ಎದ್ದು ನೋಡಲಿಲ್ಲ.